ಆಪ್ಷನ್ ಎಂಟ್ರಿ: ಜಾಣ ಮಕ್ಕಳ ಪಟ್ಟಿಗೆ ಒಂದಿಷ್ಟು ಪಾಠ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಪಿಯು ವಿಜ್ಞಾನದ ಮಕ್ಕಳು ಸಿಇಟಿ ರ‍್ಯಾಂಕ್ ಬಂದ ಕೂಡಲೇ ಆಪ್ಷನ್ ಎಂಟ್ರಿಗೆ ಕಾಲೇಜುಗಳ ಪಟ್ಟಿ ಹಿಡಿದು ನನ್ನಂಥ ಉಪನ್ಯಾಸಕರ ಮನೆಗೆ ಬರುತ್ತಾರೆ. ಕಡಿಮೆ ಅಂಕದವರ ಪಟ್ಟಿಗಿಂತ ಜಾಣರ ಪಟ್ಟಿಯೇ ಹೆಚ್ಚು ಎಡವುವುದನ್ನು ಕಂಡಿದ್ದೇನೆ. ಅವರು ಐದಾರು ದೊಡ್ಡ ಹೆಸರು ಬರೆದು ಪೆನ್ನು ಕೆಳಗಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಮನಸ್ಸಿಗೆ ಬೇಕಾದದ್ದೇ ಮೊದಲ ಸಾಲಿನಲ್ಲಿರಲಿ. ನೇಸರಗಿ ಕಡೆಯ ರೈತರೊಬ್ಬರು ಕೇಳಿದ್ದರು: "ಸರ, ಸಿಗೂದನ್ನ ಮ್ಯಾಲ ಹಾಕೂಣ್ರಿ. ದೊಡ್ಡ ಕಾಲೇಜ್ ಮ್ಯಾಲ ಹಾಕಿದ್ರ ಇದೂ ಹೋಗಿಬಿಟ್ರ?" ಈ ಭಯ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಹಾಗೆ ಹೋಗುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆ ರ‍್ಯಾಂಕಿನ ಪ್ರಕಾರ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಸೀಟು ಖಾಲಿ ಇರುವ ಮೊದಲ ಸಾಲಿಗೇ ನಿಲ್ಲುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದರ ಹಕ್ಕು ಕಿಂಚಿತ್ತೂ ಕಡಿಮೆಯಾಗದು. ಆದರೆ ಸುಲಭವಾಗಿ ಸಿಗುವುದನ್ನು ಮೇಲಿಟ್ಟರೆ ಅಲ್ಲಿಯೇ ನಿಂತಿತು. ಕೆಳಗೆ ಬರೆದ ಒಳ್ಳೆಯ ಕಾಲೇಜನ್ನು ಯಾರೂ ನೋಡುವುದೇ ಇಲ್ಲ.

2. ಕೆಳಗಿನ ಸಾಲುಗಳ ಮೇಲೆ ಹೆಚ್ಚು ಹೊತ್ತು ಕೂರಿ. ಹಿಂದಿನ ಎರಡು ಮೂರು ವರ್ಷಗಳ ಕಟ್ ಆಫ್ ರ‍್ಯಾಂಕ್ ತೆಗೆದುಕೊಂಡು, ನಿಮ್ಮ ಪ್ರವರ್ಗದ ಕಾಲಂ ಅನ್ನೇ ನೋಡಿ. ಮೊದಲ ಸುತ್ತಿನದೂ ಕೊನೆಯ ಸುತ್ತಿನದೂ ಬೇರೆ ಬೇರೆ. ನಾನು ಹಾಳೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ. ಮೇಲಿನ ಭಾಗದಲ್ಲಿ ರ‍್ಯಾಂಕಿಗೆ ಎಟುಕಲಾರದ್ದು ಇರಲಿ: ಆರ್.ವಿ., ಬಿ.ಎಂ.ಎಸ್., 1917ರಿಂದ ನಡೆದು ಬಂದಿರುವ ಯುವಿಸಿಇ. ನಡುವೆ ರ‍್ಯಾಂಕಿನ ಆಸುಪಾಸಿನವು; ನಮ್ಮ ಕಡೆಯ ಬಹಳಷ್ಟು ಮಕ್ಕಳ ಹಾಳೆಯಲ್ಲಿ ಇಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ, ಬೆಳಗಾವಿಯ ಗೋಗಟೆ ಬರುತ್ತವೆ. ಕೆಳಗೆ, ರ‍್ಯಾಂಕ್ ನಮಗಿಂತ ಬಹಳ ಹಿಂದಿದ್ದವರಿಗೂ ಕಳೆದ ವರ್ಷ ಸಿಕ್ಕ ಸೀಟುಗಳು. ರಾಮದುರ್ಗದ ಮಕ್ಕಳಿಗೆ ಇಲ್ಲಿ ಬಾಗಲಕೋಟೆಯ ಬಸವೇಶ್ವರ ಕಾಲೇಜನ್ನೂ ನೆನಪಿಸುತ್ತೇನೆ. ಜಾಣ ಮಕ್ಕಳು ಈ ಮೂರನೆಯ ಭಾಗ ಬರೆಯುವಾಗ ಮುಖ ಸಣ್ಣದು ಮಾಡುತ್ತಾರೆ. ಆದರೂ ಪ್ರತಿ ಸಾಲಿಗೂ ಕೇಳಿಯೇ ಕೇಳುತ್ತೇನೆ: "ಇದೊಂದೇ ಸಿಕ್ಕರ ಹೋಗ್ತೀಯೇನವಾ?" ಇಲ್ಲ ಅಂದರೆ ಆ ಸಾಲು ಅಳಿಸಿ, ಹೋಗಲು ಒಪ್ಪುವ ಬೇರೊಂದನ್ನು ಬರೆಸುತ್ತೇನೆ. ಸಾಲುಗಳಿಗೆ ಬರವಿಲ್ಲ, ಎಷ್ಟು ಬೇಕಾದರೂ ತುಂಬಬಹುದು.

3. ಬ್ರ್ಯಾಂಚ್ ಮೊದಲೋ ಕಾಲೇಜ್ ಮೊದಲೋ ಎಂದು ಮಗುವನ್ನಷ್ಟೇ ಕೂರಿಸಿ ಕೇಳಿ. ತಂದೆ ಪಕ್ಕದಲ್ಲಿದ್ದರೆ ಉತ್ತರ "ಕಂಪ್ಯೂಟರ್ ಸೈನ್ಸ್". ಒಲವು ಗಟ್ಟಿ ಇದ್ದವರಿಗೆ ಬ್ರ್ಯಾಂಚನ್ನೇ ಹಿಡಿದು ಪಟ್ಟಿ ಇಳಿಸುವುದು ಸರಿ. ಇನ್ನೂ ತಿಳಿಯದವರಿಗೆ ಒಳ್ಳೆಯ ಕಾಲೇಜು, ಒಳ್ಳೆಯ ಸಹಪಾಠಿಗಳು ಮುಖ್ಯ ಎಂಬುದು ನನ್ನ ಅಭಿಪ್ರಾಯ.

4. ಹತ್ತಿರ ಇದ್ದದ್ದು ಸುಲಭ ಎಂದು ತಿಳಿಯಬೇಡಿ. 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಕಿತ್ತೂರಿನವರಿಗೆ ಬಸ್ಸಿನ ದಾರಿ. ಆದರೆ ಐಐಟಿಗಳಲ್ಲಿ ತವರು ರಾಜ್ಯದ ಕೋಟಾ ಇಲ್ಲ, ಇಡೀ ದೇಶದ ಜೊತೆ ಪೈಪೋಟಿ. ದೂರದ ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರಿಗೇ ಮೀಸಲು. ಜೆಇಇ ಮೇನ್ ಬರೆದ ಮಕ್ಕಳು ಇದನ್ನು ಮರೆಯುತ್ತಾರೆ. ಸುರತ್ಕಲ್ ದೂರ ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟು: 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುಂಚೆ ಈ ಭಾಗದ ಹುಡುಗರು ಪದವಿಗೆ ಪುಣೆ, ಮುಂಬಯಿಗೆ ಹೋಗಿದ್ದರು. ಮಗಳ ವಿಷಯದಲ್ಲಿ ಮಾತ್ರ ದೂರವನ್ನು ನೆನೆಯುವವರೂ ಇದ್ದಾರೆ. ಅವರ ಜೊತೆ ಕೂತು ಹಾಸ್ಟೆಲಿನ ವಿಚಾರ ತಿಳಿಸಿ ಹೇಳಿದರೆ ಒಪ್ಪುತ್ತಾರೆ, ಸ್ವಲ್ಪ ಸಮಯ ಬೇಕು.

5. ಪಟ್ಟಿಯ ಅರ್ಧ ಬಲ ಪ್ರಮಾಣಪತ್ರಗಳಲ್ಲಿದೆ. ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗಿನ ಎಲ್ಲ ವರ್ಷಗಳ ಲೆಕ್ಕ ಬೇಕು. ಬೆಳವಡಿಯ ಹುಡುಗ ಏಳನೆಯವರೆಗೆ ಊರಲ್ಲಿ ಓದಿ, ಎಂಟನೆಯದಕ್ಕೆ ಬೈಲಹೊಂಗಲ ಪಟ್ಟಣದ ಶಾಲೆ ಸೇರಿದರೆ ಗ್ರಾಮೀಣ ಕೋಟಾ ಹೋಯಿತು. ಪಟ್ಟಣದಲ್ಲೂ ಕನ್ನಡ ಮಾಧ್ಯಮದಲ್ಲೇ ಹತ್ತು ಮುಗಿಸಿದ್ದರೆ ಆ ಕೋಟಾ ಉಳಿಯುತ್ತದೆ. ಇದನ್ನು ಏಳನೆಯ ತರಗತಿಯಲ್ಲಿ ಯಾರೂ ಅವರಿಗೆ ಹೇಳಿರುವುದಿಲ್ಲ. ಹಿರಿಯ ಪ್ರಾಥಮಿಕ ಶಾಲೆಯ ಮಾಸ್ತರರು ಇದನ್ನು ಪಾಲಕರ ಸಭೆಯಲ್ಲಿ ಹೇಳಬೇಕೆಂದು ನನ್ನ ಕಳಕಳಿಯ ಕೋರಿಕೆ. ಇನ್ನೊಂದು: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ಹಿಂದೆ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆ ಅದರಲ್ಲಿಲ್ಲ. ಕೊಪ್ಪಳದ ಬೀಗರ ಮಗನಿಗೆ ಸಿಕ್ಕ ಕಟ್ ಆಫ್ ನೋಡಿ ಸವದತ್ತಿಯವರು ಲೆಕ್ಕ ಹಾಕಬಾರದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಒಳಗಿದ್ದರೆ, ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ ಸೀಟಿಗೂ ಅವಕಾಶವಿದೆ. ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ.

6. ಅಣಕು ಸೀಟು ಹಂಚಿಕೆ ನೋಡಿ ಹಿಗ್ಗಲೂಬೇಡಿ, ಕುಗ್ಗಲೂಬೇಡಿ. ಅದಾದ ಮೇಲೆ ಎಲ್ಲರೂ ಪಟ್ಟಿ ಬದಲಿಸುತ್ತಾರೆ, ಲೆಕ್ಕವೂ ಬದಲಾಗುತ್ತದೆ. ಅಲ್ಲಿ ಸಿಗಲಿಲ್ಲವೆಂದು ಮೇಲಿನ ಕಾಲೇಜುಗಳನ್ನು ತೆಗೆದುಹಾಕುವುದು ತಪ್ಪು. ಕೆಳಗೆ ಇನ್ನಷ್ಟು ಸೇರಿಸುವುದು ಸರಿ. ನಿಜವಾದ ಸುತ್ತಿನ ನಂತರ ಛಾಯ್ಸ್ ಒತ್ತುವಾಗ ಕೈ ನಿಧಾನವಿರಲಿ. ಒಂದು ಎಂದರೆ ಇದೇ ಸಾಕು. ಎರಡು ಎಂದರೆ ಇದಿರಲಿ, ಮೇಲಿನದಕ್ಕೂ ನೋಡುತ್ತೇನೆ; ಆದರೆ ಮೇಲಿನದು ಸಿಕ್ಕರೆ ಮೊದಲಿನ ಸೀಟು ತಾನಾಗಿ ರದ್ದು, ಮರಳಿ ಕೇಳುವಂತಿಲ್ಲ. ಆದ್ದರಿಂದ ಮೇಲಿರುವ ಪ್ರತಿ ಸಾಲೂ ಕೈಯಲ್ಲಿರುವುದಕ್ಕಿಂತ ನಿಜಕ್ಕೂ ಬೇಕಾದದ್ದೇ ಎಂದು ಮತ್ತೊಮ್ಮೆ ಓದಿ. ಮೂರು ಎಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ. ಪಟ್ಟಿಯ ಕೆಳಭಾಗ ಬರೆಯದ ಜಾಣರೇ ಹೆಚ್ಚಾಗಿ ಈ ಮೂರನ್ನು ಒತ್ತುವುದು, ನಾನು ತಡೆಯುತ್ತೇನೆ. ನಾಲ್ಕು ಎಂದರೆ ಪ್ರಕ್ರಿಯೆಯಿಂದಲೇ ಹೊರಕ್ಕೆ. ಹಣ ಕಟ್ಟುವ ನಿಯಮಕ್ಕೆ ಆ ವರ್ಷದ ಪ್ರಕಟಣೆಯನ್ನೇ ಓದಿ, ಹೋದ ವರ್ಷ ಅಣ್ಣ ಕಟ್ಟಿದ ಲೆಕ್ಕ ನಂಬಬೇಡಿ.

7. ಹೊಲವಿದ್ದ ಮನೆಯ ಮಗು ಬಯಾಲಜಿ ಓದಿದ್ದರೆ, 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಗ್ಗೆಯೂ ಮಾತಾಡಿ. ಕೃಷಿಕರ ಮಕ್ಕಳಿಗೆ ಅಲ್ಲಿ ಬೇರೆಯೇ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಜೋಳ, ಹತ್ತಿ, ಕಬ್ಬು ನೋಡಿ ಬೆಳೆದವರಿಗೆ ಅದು ಅನುಕೂಲ.

8. ಪಾಸ್‌ವರ್ಡನ್ನು ನೆಟ್ ಸೆಂಟರಿನವರ ಕೈಗೆ ಕೊಟ್ಟು ಬರಬೇಡಿ. ಮಗುವೇ ತುಂಬಲಿ, ನೀವು ಪಕ್ಕದಲ್ಲಿರಿ. ಕೊನೆಯ ದಿನ ಸರ್ವರ್ ನಿಧಾನವಾಗುತ್ತದೆ, ಊರಲ್ಲಿ ಕರೆಂಟೂ ಕೈಕೊಡುತ್ತದೆ. ಹಿಂದಿನ ದಿನವೇ ಮುಗಿಸಿ. ಪ್ರಿಂಟ್ ತೆಗೆದು, ಓದಲು ಬಾರದ ತಾಯಿಗೂ ಒಂದೊಂದೇ ಊರಿನ ಹೆಸರು ಓದಿ ಹೇಳಿ, ಆಮೇಲೆ ಫೈಲಿಗೆ ಹಾಕಿ.