ಕಾರಿನ ಆರೋಗ್ಯ ಪ್ರಶ್ನೋತ್ತರ: ಬೆಳಿಗ್ಗೆ ಕೈಕೊಡುವ ಗಾಡಿ

ಪ್ರಶ್ನೆ: ನನ್ನದು ಏಳು ವರ್ಷದ ಪೆಟ್ರೋಲ್ ಕಾರು. ವಾರದಲ್ಲಿ ಒಂದೆರಡು ದಿನ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ಒಯ್ದರೆ ಒಂದೇ ಸಲಕ್ಕೆ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿಸಿದೆ, ಸ್ಪಾರ್ಕ್ ಪ್ಲಗ್ ಬದಲಿಸಿದೆ, ತೊಂದರೆ ಹಾಗೇ ಇದೆ. ಈಗ ಸೆಲ್ಫ್ ಮೋಟಾರ್ ಬದಲಿಸೋಣ ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ಹಾಸನ

ಉತ್ತರ: ಬೇಡ. ಅಳತೆ ಮಾಡುವವರೆಗೆ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಡಿ. ನಿಮ್ಮ ಮೆಕ್ಯಾನಿಕ್ ದುಡ್ಡು ಹೊಡೆಯುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಜ್ವರ ಇಳಿದ ಮೇಲೆ ಆಸ್ಪತ್ರೆಗೆ ಕರೆತಂದ ಮಗುವಿನ ಹಾಗೆ ನಿಮ್ಮ ಕಾರು ಅವರ ಮುಂದೆ ನಿಲ್ಲುತ್ತಿದೆ. ಅವರು ಊಹಿಸುತ್ತಿದ್ದಾರೆ, ಊಹೆಗೆ ನೀವು ಹಣ ಕೊಡುತ್ತಿದ್ದೀರಿ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮುಖ್ಯ ಮಾತೇ ಇಲ್ಲ. ಕೀ ತಿರುಗಿಸಿದಾಗ ಸೆಲ್ಫ್ ತಿರುಗುತ್ತದೆಯೋ ಇಲ್ಲವೋ? ಇವು ಎರಡು ಬೇರೆ ಬೇರೆ ರೋಗಗಳು. ಮುಂದಿನ ಸಲ ಗಾಡಿ ಕೈಕೊಟ್ಟಾಗ ಮೊಬೈಲಿನಲ್ಲಿ ಡ್ಯಾಶ್‌ಬೋರ್ಡಿನ ದೀಪಗಳೂ ಸದ್ದೂ ಸೇರಿಸಿ ವಿಡಿಯೊ ಮಾಡಿಕೊಳ್ಳಿ. ಟಕಟಕ ಎಂದು ಬಿಡದೆ ಬಡಿದುಕೊಂಡರೆ ಸೆಲ್ಫಿಗೆ ಸಾಕಷ್ಟು ಕರೆಂಟು ಸಿಗುತ್ತಿಲ್ಲ. ಒಂದೇ ಸಲ 'ಟಕ್' ಎಂದು ಸುಮ್ಮನಾದರೆ ಸೊಲೆನಾಯ್ಡ್ ಅಥವಾ ಸವೆದ ಕಾರ್ಬನ್ ಬ್ರಷ್ ಮೇಲೆ ಅನುಮಾನ. ಸದ್ದೇ ಇಲ್ಲದಿದ್ದರೆ ರಿಲೇ, ಕ್ಲಚ್ ಸ್ವಿಚ್ ನೋಡಬೇಕು.

ಮಾಡಿಸಬೇಕಾದ ಪರೀಕ್ಷೆಗಳು ದುಬಾರಿಯವಲ್ಲ, ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, 12.2 ಬಂತೆಂದರೆ ಅರ್ಧ ಖಾಲಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಇನ್ನೊಂದು ಅಳತೆಯನ್ನು ಬಹಳ ಗ್ಯಾರೇಜುಗಳಲ್ಲಿ ಮಾಡುವುದೇ ಇಲ್ಲ: ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ಮೈನಸ್‌ಗೂ ಎಂಜಿನ್ನಿನ ಲೋಹಕ್ಕೂ ಮೀಟರ್ ಹಿಡಿಯುವುದು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರ್ ಕಿಲುಬು ಹಿಡಿದಿದೆ ಅಥವಾ ಸಡಿಲವಾಗಿದೆ. ಹಾಗಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತಿಕೊಳ್ಳದಿದ್ದರೆ ಹೀಗೆ ಮಾಡಿ ನೋಡಿ. ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯಿರಿ; ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಸದ್ದು ಕೇಳಬೇಕು. ಆಫ್ ಮಾಡಿ, ಮತ್ತೆ ಆನ್. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ತಕ್ಷಣ ಸ್ಟಾರ್ಟ್ ಆದರೆ ರಾತ್ರಿಯಲ್ಲಿ ಪೆಟ್ರೋಲಿನ ಒತ್ತಡ ಸೋರಿಹೋಗುತ್ತಿದೆ ಎಂದು ಶಂಕಿಸಬಹುದು. ಗೇಜ್ ಜೋಡಿಸಿ ಪರೀಕ್ಷಿಸಲು ಹೇಳಿ. ಕೂಲೆಂಟ್ ಸೆನ್ಸರನ್ನೂ ಬಿಡಬೇಡಿ. ತಣ್ಣಗಿರುವ ಗಾಡಿಗೆ ಸ್ಕ್ಯಾನರ್ ಹಾಕಿದಾಗ ಕೂಲೆಂಟಿನ ಉಷ್ಣಾಂಶವೂ ಒಳಬರುವ ಗಾಳಿಯ ಉಷ್ಣಾಂಶವೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ 60 ಡಿಗ್ರಿ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಎಂಜಿನ್ ಬಿಸಿಯಾಗಿದೆಯೆಂದು ನಂಬಿದ ಕಂಪ್ಯೂಟರ್ ಬೆಳಗಿನ ಚಳಿಗೆ ಬೇಕಾದಷ್ಟು ಪೆಟ್ರೋಲ್ ಬಿಡುವುದಿಲ್ಲ.

ಇದೆಲ್ಲ ಫಲ ಕೊಡಬೇಕಾದರೆ ಗಾಡಿಯನ್ನು ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ಬೆಳಿಗ್ಗೆ ಮೀಟರ್ ಜೋಡಿಸುವ ಮೊದಲು ಯಾರೂ ಕೀ ಮುಟ್ಟಬಾರದು ಎಂದು ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಿ.

ಪ್ರಶ್ನೆ: ನಾನು, ನನ್ನ ಶ್ರೀಮತಿ ಇಬ್ಬರೂ ನಿವೃತ್ತರು. ಕಾರು ತೆಗೆಯುವುದು ಅಪರೂಪ. ಬ್ಯಾಟರಿ ಇಳಿಯದಿರಲಿ ಎಂದು ದಿನಾ ಬೆಳಿಗ್ಗೆ ತಪ್ಪದೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ಆದರೂ ಆಗಾಗ ಬ್ಯಾಟರಿ ಡೌನ್. ಡ್ಯಾಶ್‌ಕ್ಯಾಮ್ ಬಿಟ್ಟರೆ ಹೊಸದಾಗಿ ಏನೂ ಹಾಕಿಸಿಲ್ಲ.
– ಹಿರಿಯ ಓದುಗರು, ಮೈಸೂರು

ಉತ್ತರ: ನಿಮ್ಮ ಶಿಸ್ತಿನ ಬಗ್ಗೆ ಗೌರವವಿದೆ ಸರ್, ಆದರೆ ಈ ಐದು ನಿಮಿಷದ ನಂಬಿಕೆಯಿಂದ ಎಷ್ಟು ಬ್ಯಾಟರಿಗಳು ಹಾಳಾಗುತ್ತವೆ ಎಂದು ನೋಡಿ ನೋಡಿ ನನಗೆ ಬೇಸರವಾಗಿದೆ. ನಿಂತಲ್ಲೇ ಎಂಜಿನ್ ಗುನುಗುವಾಗ ಆಲ್ಟರ್ನೇಟರ್ ಕೊಡುವ ಕರೆಂಟು ಕಡಿಮೆ. ಏಸಿಯೋ ಲೈಟೋ ಹಾಕಿದ್ದರೆ ಬ್ಯಾಟರಿಯ ಪಾಲಿಗೆ ಇನ್ನೂ ಕಡಿಮೆ. ಬಳಲಿದ ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಲು ಗಂಟೆಗಟ್ಟಲೆ ಹೊತ್ತು ಬೇಕು. ಯಾವಾಗಲೂ ಅರೆಹೊಟ್ಟೆಯಲ್ಲಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಮತ್ತೆ ಕರಗುವುದು ಕಷ್ಟ. ಎಂಜಿನ್ ಪೂರ್ತಿ ಬಿಸಿಯಾಗದೆ ನಿಲ್ಲುವುದರಿಂದ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಆಯಿಲಿಗೂ ಪೆಟ್ರೋಲ್ ಬೆರೆಯುತ್ತದೆ. ವಾರಕ್ಕೊಮ್ಮೆ ರಿಂಗ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಬನ್ನಿ. ಶ್ರೀಮತಿಯವರನ್ನೂ ಕರೆದುಕೊಂಡು ಹೋಗಿ.

ಶೆಡ್ಡಿನ ವಿಷಯ ಓದಿ ಗಾಬರಿಯಾಯಿತು. ಬಾಗಿಲು ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸುವುದನ್ನು ಇಂದೇ ನಿಲ್ಲಿಸಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಬಂದದ್ದು ಬಿ.ಪಿ.ಯಿಂದ ಎಂದುಕೊಳ್ಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಇನ್ನು ಡ್ಯಾಶ್‌ಕ್ಯಾಮ್. ಬೀಗ ಹಾಕಿದ ಕಾರು ಗಡಿಯಾರ, ಅಲಾರಂಗಳಿಗೆಂದು 50 ಮಿಲಿ ಆಂಪಿಯರ್ ಒಳಗೆ ಎಳೆದರೆ ಸರಿ. ಕ್ಯಾಮೆರಾವನ್ನು ನೇರ ಬ್ಯಾಟರಿಗೆ ಜೋಡಿಸಿ ಅದು 300 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 7 ಆಂಪಿಯರ್-ಅವರ್ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಬರಿದು. ಎಲೆಕ್ಟ್ರಿಷಿಯನ್ ಹತ್ತಿರ ಈ ಸೋರಿಕೆಯನ್ನು ಅಳೆಸಿ. ಬೀಗ ಹಾಕಿದ ತಕ್ಷಣ ಅಳೆದರೆ ಲೆಕ್ಕ ತಪ್ಪುತ್ತದೆ. ಒಳಗಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಬಿಡಬೇಕು. ಹೆಚ್ಚು ಬಂದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋದರೆ ಕಳ್ಳ ಸಿಗುತ್ತಾನೆ. ಆಮೀಟರ್ ಜೋಡಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಡೀಸೆಲ್ ಗಾಡಿ. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕು, ಬಿಳಿ ಹೊಗೆ ಬರುತ್ತದೆ. ಚಳಿಗೆ ಬ್ಯಾಟರಿ ಸತ್ತಿತೇ?
– ಓದುಗರು, ಬೀದರ್

ಉತ್ತರ: ಬಿಳಿ ಹೊಗೆ ಎಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಮಲ್ಟಿಮೀಟರಿನಲ್ಲಿ ಪರೀಕ್ಷೆ ಮಾಡಿಸಿ, ಅವುಗಳ ರಿಲೇಯನ್ನೂ ನೋಡಿಸಿ. ಕೀ ಹಾಕಿದ ಮೇಲೆ ಸುರುಳಿ ಚಿಹ್ನೆಯ ದೀಪ ಆರುವವರೆಗೆ ಕಾಯುತ್ತೀರಿ ತಾನೆ? ಹೊಗೆಯೇ ಬಾರದೆ ಹೀಗಾದರೆ ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿರಬಹುದು. ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಬ್ಯಾಟರಿಯನ್ನು ಚಳಿ ಕೊಲ್ಲುವುದು ಕಡಿಮೆ. ನಿಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಅದು ಸವೆದಿರುತ್ತದೆ, ಆಯಿಲ್ ಗಟ್ಟಿಯಾಗುವ ಡಿಸೆಂಬರಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ಬ್ಯಾಟರಿಯ ಲೋಡ್ ಟೆಸ್ಟನ್ನು ದೀಪಾವಳಿಯ ಹೊತ್ತಿಗೇ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ್ದೇ ಬೆಳಗಿನ ತೊಂದರೆಗೆ ಕಾರಣ ಎನ್ನುತ್ತಾರೆ, ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಎಥೆನಾಲ್ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ ಎನ್ನುವುದು ನಿಜ. ಬ್ರೆಜಿಲ್‌ನಲ್ಲಿ ಶುದ್ಧ ಎಥೆನಾಲ್ ಮೇಲೆ ಓಡುವ ಕಾರುಗಳಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಲೆಂದೇ ಪುಟ್ಟದೊಂದು ಪೆಟ್ರೋಲ್ ಡಬ್ಬಿ ಇರುತ್ತಿತ್ತು. ಆದರೆ 20 ಭಾಗಕ್ಕೆ, ಅದೂ ದಾವಣಗೆರೆಯ ಚಳಿಗೆ, ಸರಿಯಾಗಿರುವ ಎಂಜಿನ್ ಸ್ಟಾರ್ಟ್ ಆಗದೆ ನಿಲ್ಲಬಾರದು. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ನೋಡಿಸಿ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ನಿಲ್ಲಿಸಬೇಡಿ. ಪೆಟ್ರೋಲಿನ ಒತ್ತಡದ ಪರೀಕ್ಷೆ ಆಗುವವರೆಗೆ ಎಥೆನಾಲ್ ಮೇಲೆ ತಪ್ಪು ಹೊರಿಸಬೇಡಿ.

ಪ್ರಶ್ನೆ: ಬ್ಯಾಟರಿ ಡೌನ್ ಆದಾಗ ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೇಬಲ್ ಹಾಕುತ್ತೇವೆ. ಮೊನ್ನೆ ಕಿಡಿ ಹಾರಿತು. ಅಪಾಯವೇ?
– ಓದುಗರು, ಶಿವಮೊಗ್ಗ

ಉತ್ತರ: ಅಪಾಯವೇ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಹತ್ತಿರ ಕಿಡಿ ಹಾರಬಾರದು. ಕೆಂಪು ಕೇಬಲನ್ನು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ ಹಾಕಿ. ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ನಿಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ. ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಪ್ಲಸ್, ಮೈನಸ್ ಅದಲುಬದಲಾದರೆ ಗಾಡಿಯ ಕಂಪ್ಯೂಟರೇ ಸುಡಬಹುದು. ಗಾಡಿ ಸ್ಟಾರ್ಟ್ ಆಯಿತೆಂದು ಸುಮ್ಮನಾಗದೆ ಅಂದೇ ಬ್ಯಾಟರಿಯನ್ನೂ ಚಾರ್ಜಿಂಗನ್ನೂ ಪರೀಕ್ಷೆ ಮಾಡಿಸಿ. ಎಂಜಿನ್ ಓಡುವಾಗ ಮೀಟರ್ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು.