ಹಳೆಯ ಕ್ರೆಡಿಟ್ ಕಾರ್ಡ್ ಸಾಲದ ದಾವೆ: ಸಮನ್ಸ್ ಬಂದಾಗ ಮಾಡಬೇಕಾದುದೇನು?

ಉದ್ಯೋಗದ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಒಂದು ದಿನ ನ್ಯಾಯಾಲಯದ ಮೊಹರುಳ್ಳ ಲಕೋಟೆ ಬರಬಹುದು. ಎಂದೋ ಬಳಸಿ ಬಿಟ್ಟ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಬಡ್ಡಿಸಹಿತ ಕೊಡಿಸಬೇಕೆಂದು ಬ್ಯಾಂಕು ದಾವೆ ಹೂಡಿರುತ್ತದೆ. ಕಾಗದವು ಇಂಗ್ಲಿಷಿನಲ್ಲಿಯೋ ಆಯಾ ರಾಜ್ಯದ ನ್ಯಾಯಾಲಯದ ಭಾಷೆಯಲ್ಲಿಯೋ ಇರುತ್ತದೆ. ಓದಲಾರದೆ, ಅಥವಾ ಓದಿ ಅಂಜಿ, ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸುವವರುಂಟು. ಸಾಲಗಾರನಿಗೆ ಸಾಲಕ್ಕಿಂತ ಹೆಚ್ಚಿನ ಹಾನಿಯನ್ನು ಈ ಮೌನವೇ ಉಂಟುಮಾಡಬಲ್ಲದು. ಸಮನ್ಸಿಗೆ ಸಕಾಲದಲ್ಲಿ ಉತ್ತರ ಕೊಡುವ ಕ್ರಮವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ನೋಟೀಸು ಬೇರೆ, ಸಮನ್ಸು ಬೇರೆ

ಬ್ಯಾಂಕಿನ ಪರವಾಗಿ ವಕೀಲರು ಕಳುಹಿಸುವ ಪತ್ರವು ನೋಟೀಸು. ಅದು ನ್ಯಾಯಾಲಯದ ಆಜ್ಞೆಯಲ್ಲ. ದಾವೆ ದಾಖಲಾದ ಮೇಲೆ ನ್ಯಾಯಾಲಯವೇ ಹೊರಡಿಸುವ ಆಜ್ಞೆ ಸಮನ್ಸು. ಅದರೊಡನೆ ವಾದಪತ್ರದ ಪ್ರತಿ ಇರಬೇಕು. ಅದರಲ್ಲಿ ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ ಮತ್ತು ಹಾಜರಾಗಬೇಕಾದ ದಿನಾಂಕ ನಮೂದಾಗಿರುತ್ತವೆ. ಸಂಶಯವಿದ್ದಲ್ಲಿ ಇ-ಕೋರ್ಟ್ಸ್ ಸೇವೆಯಲ್ಲಿ ದಾವೆಯ ಸಂಖ್ಯೆಯನ್ನೋ ಹೆಸರನ್ನೋ ಕೊಟ್ಟು ದಾವೆಯು ನಿಜವಾಗಿಯೂ ದಾಖಲಾಗಿದೆಯೇ ಎಂಬುದನ್ನು ನೋಡಬಹುದು. ವಸೂಲಿಗಾರರು ಮೊಬೈಲಿಗೆ ಕಳುಹಿಸುವ ‘ಬಂಧನದ ವಾರಂಟು’ ಎಂಬ ಚಿತ್ರಗಳನ್ನು ಕಂಡು ಗಾಬರಿಪಡಬಾರದು.

ಸಮನ್ಸನ್ನು ಸ್ವೀಕರಿಸಲು ನಿರಾಕರಿಸುವುದರಿಂದ ಯಾವ ಲಾಭವೂ ಇಲ್ಲ. ನಿರಾಕರಿಸಿದರೆ ಅಮೀನರು ಅದನ್ನು ಬಾಗಿಲಿಗೆ ಅಂಟಿಸಿ ಹೋಗಬಹುದು. ನ್ಯಾಯಾಲಯವು ಸಮನ್ಸು ಜಾರಿಯಾಗಿದೆಯೆಂದೇ ಪರಿಗಣಿಸಬಹುದು.

ಉತ್ತರದ ಅವಧಿ

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಪ್ರಕಾರ ಸಾಮಾನ್ಯ ದಾವೆಯಲ್ಲಿ ಸಮನ್ಸು ಜಾರಿಯಾದ 30 ದಿನಗಳೊಳಗೆ ಪ್ರತಿವಾದಿಯು ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು. ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಈ ಅವಧಿಯನ್ನು ಜಾರಿಯ ದಿನದಿಂದ 90 ದಿನಗಳವರೆಗೆ ವಿಸ್ತರಿಸಬಹುದು. ಆದರೆ ಸಮನ್ಸಿನಲ್ಲಿ ‘ಆದೇಶ 37’ ಎಂದು ನಮೂದಾಗಿದ್ದರೆ ಅದು ಸಂಕ್ಷಿಪ್ತ ದಾವೆ. ಅಲ್ಲಿ 10 ದಿನಗಳೊಳಗೆ ಹಾಜರಿ ದಾಖಲಿಸಬೇಕು. ಅನಂತರ ತೀರ್ಪಿಗಾಗಿ ಬರುವ ಸಮನ್ಸಿಗೆ ಮತ್ತೆ 10 ದಿನಗಳೊಳಗೆ, ಪ್ರತಿವಾದ ಹೂಡಲು ಅನುಮತಿ ಬೇಡಬೇಕು. ಆದ್ದರಿಂದ ಸಮನ್ಸು ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು, ಅದೇ ವಾರ ವಕೀಲರನ್ನು ಕಾಣುವುದು ಲೇಸು.

ಮೂರು ವರ್ಷಗಳ ಕಾಲಮಿತಿ

ಹಳೆಯ ಸಾಲದ ದಾವೆಯಲ್ಲಿ ಮೊದಲು ಪರಿಶೀಲಿಸಬೇಕಾದುದು ಕಾಲಮಿತಿ. ಕಾಲಮಿತಿ ಅಧಿನಿಯಮ, 1963ರಂತೆ ಇಂತಹ ಹಣದ ದಾವೆಯನ್ನು ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ಹೂಡಬೇಕು. ಅವಧಿ ಮೀರಿದ ದಾವೆಯನ್ನು, ಪ್ರತಿವಾದಿಯು ಆ ಆಕ್ಷೇಪವನ್ನು ಎತ್ತದಿದ್ದರೂ, ನ್ಯಾಯಾಲಯವು ವಜಾ ಮಾಡಬೇಕೆಂದು ಅಧಿನಿಯಮದ 3ನೆಯ ಪ್ರಕರಣವು ಹೇಳುತ್ತದೆ. ಆದರೂ ದಿನಾಂಕಗಳನ್ನು ತೋರಿಸಿ ಆಕ್ಷೇಪವನ್ನು ಸ್ಪಷ್ಟವಾಗಿ ಬರೆಯುವುದೇ ಕ್ಷೇಮ. ವಾದಪತ್ರವು ವಾದಿಗೆ ಅನುಕೂಲವಾದ ದಿನಾಂಕವನ್ನೇ ಮುಂದಿಡುತ್ತದೆ.

ಎಣಿಕೆಯಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಕೋವಿಡ್ ಕಾಲದ ವಿನಾಯಿತಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿ 10ರಂದು ಆದೇಶಿಸಿತು. ಉದಾಹರಣೆಗೆ, ಪುಣೆಯ ನೌಕರನೊಬ್ಬನು 2020ರ ಜೂನಿನಲ್ಲಿ ಬಾಕಿದಾರನಾದನೆಂದು ಭಾವಿಸೋಣ. ಅವನ ಮೇಲಿನ ಮೂರು ವರ್ಷಗಳು 2022ರ ಮಾರ್ಚ್ 1ರಿಂದ ಆರಂಭವಾಗಿ 2025ರ ಫೆಬ್ರವರಿಯ ಕೊನೆಗೆ ಮುಗಿಯುತ್ತವೆ. 2025ರ ಸೆಪ್ಟೆಂಬರಿನಲ್ಲಿ ಹೂಡಿದ ದಾವೆಯು ಮೇಲುನೋಟಕ್ಕೆ ಅವಧಿ ಮೀರಿದುದು.

ಎರಡನೆಯದು, ಸಾಲಗಾರನ ಸ್ವಂತ ಸಹಿ. ಮೂರು ವರ್ಷ ಮುಗಿಯುವುದಕ್ಕೆ ಮೊದಲು ಅವನು ಸಾಲವನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದ್ದರೆ, ಅಥವಾ ಒಂದಂಶ ಹಣ ಕಟ್ಟಿ ಅದಕ್ಕೆ ತನ್ನ ಕೈಬರಹ ಅಥವಾ ಸಹಿಯ ದಾಖಲೆ ಉಳಿಸಿದ್ದರೆ, ಆ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಅವಧಿ ಮುಗಿದ ಮೇಲೆಯೂ, ಆ ಸಾಲವನ್ನು ತೀರಿಸುವೆನೆಂದು ಬರೆದು ಸಹಿ ಮಾಡಿಕೊಟ್ಟರೆ, ಭಾರತೀಯ ಕರಾರು ಅಧಿನಿಯಮ, 1872ರ 25ನೆಯ ಪ್ರಕರಣದಂತೆ ಅದು ಬದ್ಧಗೊಳಿಸುವ ಕರಾರಾಗುತ್ತದೆ. ಆದುದರಿಂದ ವಸೂಲಿಗಾರರು ‘ಕೇವಲ ಒಂದು ಸಹಿ’ ಎಂದು ಮುಂದೊಡ್ಡುವ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಹಾಕಬಾರದು.

ಲಿಖಿತ ಹೇಳಿಕೆಯ ರಚನೆ

ವಾದಪತ್ರದ ಪ್ರತಿಯೊಂದು ಕಂಡಿಕೆಗೂ ಪ್ರತ್ಯೇಕವಾಗಿ ಉತ್ತರಿಸಬೇಕು. ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿದಂತೆಯೇ ಎಂದು ಸಂಹಿತೆಯ 8ನೆಯ ಆದೇಶವು ವಿಧಿಸುತ್ತದೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಇಲ್ಲಿ ನ್ಯಾಯಾಲಯದ ನಿಯಮವೇ ಆಗಿದೆ. ಸತ್ಯವಾದುದನ್ನು ಒಪ್ಪಬೇಕು, ಕಾರ್ಡು ಪಡೆದದ್ದು ನಿಜವಾದರೆ ಇಲ್ಲವೆನ್ನಬಾರದು. ಒಪ್ಪದ ಅಂಶಗಳನ್ನು ಕಾರಣಸಹಿತ ನಿರಾಕರಿಸಬೇಕು. ಮುಖ್ಯವಾಗಿ ಈ ಅಂಶಗಳನ್ನು ಪರಿಶೀಲಿಸಬೇಕು:

1. ಲೆಕ್ಕ: ಅಸಲು, ಬಡ್ಡಿ, ವಿಳಂಬ ಶುಲ್ಕಗಳನ್ನು ಬೇರೆ ಬೇರೆಯಾಗಿ ತೋರಿಸಿದೆಯೇ? ಕಟ್ಟಿದ ಹಣವೆಲ್ಲ ಜಮೆಯಾಗಿದೆಯೇ?

2. ಪುರಾವೆ: ಕಾರ್ಡಿನ ಅರ್ಜಿ, ಕರಾರಿನ ಷರತ್ತುಗಳು ಮತ್ತು ಆರಂಭದಿಂದ ಲೆಕ್ಕಪಟ್ಟಿಗಳನ್ನು ಹಾಜರುಪಡಿಸಿದೆಯೇ? ಕಂಪ್ಯೂಟರಿನಿಂದ ತೆಗೆದ ಪ್ರತಿಗಳಿಗೆ ಕಾನೂನು ಕೇಳುವ ಪ್ರಮಾಣಪತ್ರವಿದೆಯೇ?

3. ವಾದಿಯ ಹಕ್ಕು: ದಾವೆ ಹೂಡಿದುದು ಬ್ಯಾಂಕಲ್ಲದೆ ಸಾಲವನ್ನು ಕೊಂಡ ಆಸ್ತಿ ಪುನರ್ರಚನಾ ಕಂಪನಿಯಾಗಿದ್ದರೆ, ಈ ಖಾತೆಯೂ ಸೇರಿದ ವರ್ಗಾವಣೆ ಪತ್ರವನ್ನು ಅದು ತೋರಿಸಬೇಕು.

4. ಗುರುತು: ಸಾಲವು ತನ್ನದಲ್ಲವಾದರೆ, ಹೆಸರಿನ ದುರುಪಯೋಗವಾಗಿದ್ದರೆ, ಅದನ್ನು ಸ್ಪಷ್ಟವಾಗಿ ಬರೆದು ಪೊಲೀಸ್ ದೂರಿನ ಪ್ರತಿಯನ್ನು ಲಗತ್ತಿಸಬೇಕು.

ಒಂದು ಎಚ್ಚರಿಕೆಯ ಮಾತು. ಶೇಕಡಾ 30ಕ್ಕೂ ಮಿಗಿಲಾದ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ರದ್ದುಪಡಿಸಿದೆ. ಆ ಹಳೆಯ ಆದೇಶವನ್ನೇ ನೆಚ್ಚಿ ಪ್ರತಿವಾದವನ್ನು ಕಟ್ಟಬಾರದು.

ಉತ್ತರಿಸದಿದ್ದರೆ

ಪ್ರತಿವಾದಿಯು ಬಾರದಿದ್ದರೆ ನ್ಯಾಯಾಲಯವು ಏಕಪಕ್ಷೀಯ ಡಿಕ್ರಿ ಮಾಡಬಹುದು. ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲವೆಂದು, ಅಥವಾ ಹಾಜರಾಗದಿರಲು ಸಾಕಷ್ಟು ಕಾರಣವಿತ್ತೆಂದು ತೋರಿಸಿದರೆ ಅಂತಹ ಡಿಕ್ರಿಯನ್ನು ರದ್ದುಪಡಿಸಿಕೊಳ್ಳಬಹುದು. ಇದಕ್ಕೆ ಡಿಕ್ರಿಯ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಸಮನ್ಸು ಜಾರಿಯೇ ಆಗಿರದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ.

ಡಿಕ್ರಿಯಾದ ಮೇಲೂ ಕಾನೂನು ಬಾಳುವೆಗೆ ಬೇಕಾದುದನ್ನು ಕಾಯುತ್ತದೆ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆಗಳನ್ನು ಜಪ್ತಿ ಮಾಡುವಂತಿಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರನೆಯ ಎರಡು ಭಾಗ ಜಪ್ತಿಗೆ ಸಿಗದು. ಜಪ್ತಿಗೆ ಲೆಕ್ಕಿಸುವ ಸಂಬಳ 31,000 ರೂಪಾಯಿಯಾದರೆ 21,000 ರೂಪಾಯಿ ನೌಕರನ ಕೈಯಲ್ಲಿಯೇ ಉಳಿಯುತ್ತದೆ. ಕೇವಲ ಬಡತನದಿಂದ ಸಾಲ ತೀರಿಸಲಾರದವನನ್ನು ಸೆರೆಮನೆಗೆ ಕಳುಹಿಸಲಾಗದು. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ.

ಸಾಲ ನಿಜವಾಗಿದ್ದರೆ

ಸಾಲವು ನಿಜವಾದುದೂ ಅವಧಿಯೊಳಗಿನದೂ ಆಗಿದ್ದರೆ ರಾಜಿಯ ದಾರಿಯೇ ಉತ್ತಮ. ಲೋಕ ಅದಾಲತ್‌ನಲ್ಲಿ ಬಡ್ಡಿಯ ಕಡಿತವನ್ನೂ ಕಂತುಗಳನ್ನೂ ಕೇಳಬಹುದು. ಅಲ್ಲಿನ ಐತೀರ್ಪಿಗೆ ಡಿಕ್ರಿಯ ಬಲವಿದ್ದು, ಅದರ ಮೇಲೆ ಮೇಲ್ಮನವಿ ಇಲ್ಲ; ಆದಕಾರಣ ಶಕ್ತಿಗೆ ಮೀರಿದ ಕಂತನ್ನು ಒಪ್ಪಬಾರದು. ರಾಜಿಯಂತೆ ಹಣ ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರವನ್ನು ತಪ್ಪದೆ ಪಡೆಯಬೇಕು.

ನೆರವು ಎಲ್ಲಿ?

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ವಕೀಲರ ನೆರವಿಗೆ ಅರ್ಹರು. ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು, ಅಥವಾ 15100 ಸಂಖ್ಯೆಗೆ ದೂರವಾಣಿ ಮಾಡಬಹುದು. ಸ್ಥಳೀಯ ಭಾಷೆ ಬಾರದವರು ಅದನ್ನು ಬಲ್ಲ ನೆರೆಯವರನ್ನೋ ಕನ್ನಡ ಸಂಘದ ಪರಿಚಿತರನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಸಾಲ ಮಾಡಿದುದು ಅಪರಾಧವಲ್ಲ. ನ್ಯಾಯಾಲಯದ ಕರೆಗೆ ಓಗೊಡುವುದು ಅವಮಾನವೂ ಅಲ್ಲ. ಕೊಡಬೇಕಾದುದೆಷ್ಟು, ಕೊಡಬೇಕಾಗಿಲ್ಲದುದೆಷ್ಟು ಎಂಬುದನ್ನು ನ್ಯಾಯಾಧೀಶರು ತೂಗಿ ನೋಡಬೇಕಾದರೆ, ತಕ್ಕಡಿಯ ಎರಡನೆಯ ತಟ್ಟೆಯಲ್ಲಿ ಪ್ರತಿವಾದಿಯ ಉತ್ತರವೂ ಇರಬೇಕು. ಅದನ್ನು ಅವಧಿಯೊಳಗೆ ಅಲ್ಲಿರಿಸುವುದು ಪ್ರತಿವಾದಿಯ ಕೈಯಲ್ಲೇ ಇದೆ.