ವಯಸ್ಸಿನ ಅಳತೆದೋಷ ಮತ್ತು ಉಪಭಾಷಾ ಅಧ್ಯಯನ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಂತಹ ಊರಿನಲ್ಲಿ ಉಪಭಾಷೆಯ ಕ್ಷೇತ್ರಕಾರ್ಯ ಕೈಗೊಳ್ಳುವವರು ವಕ್ತೃಗಳ ವಯಸ್ಸನ್ನೂ ಹಳೆಯ ಪದಗಳ ಬಳಕೆಯನ್ನೂ ಹೋಲಿಸಿ ಭಾಷಾ ಬದಲಾವಣೆಯ ವೇಗವನ್ನು ಅಳೆಯಬಹುದು. ಆದರೆ ಹಿರಿಯರಲ್ಲಿ ಅನೇಕರು ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತಾರೆ. ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳು ಅತಿಯಾಗಿ ದಾಖಲಾಗುವುದು ಭಾರತದ ಜನಗಣತಿಯಲ್ಲಿಯೂ ಸುಪರಿಚಿತ ಸಂಗತಿ.

ದೋಷ ಎಲ್ಲಿದೆ ಎಂಬುದರ ಮೇಲೆ ವಿಧಾನದ ಆಯ್ಕೆ ನಿಂತಿದೆ. ಪದಬಳಕೆಯ ಎಣಿಕೆಯಲ್ಲಿ ಮಾತ್ರ ಆಕಸ್ಮಿಕ ದೋಷವಿದ್ದರೆ ಸಾಮಾನ್ಯ ರಿಗ್ರೆಶನ್ ಸಾಕು. ಅದರ ಇಳಿಜಾರು ಒಂದೇ ಕಡೆಗೆ ವಾಲುವುದಿಲ್ಲ. ವಯಸ್ಸಿನಲ್ಲಿಯೇ ದೋಷವಿದ್ದು, ಅದು ನಿಜವಯಸ್ಸನ್ನು ಅವಲಂಬಿಸದಿದ್ದರೆ, ಇಳಿಜಾರು ಸೊನ್ನೆಯತ್ತ ಕುಗ್ಗುತ್ತದೆ. ನಿಜವಯಸ್ಸಿನ ವೇರಿಯನ್ಸ್ (ಚದುರಿಕೆಯ ಅಳತೆ) 300, ದೋಷದ್ದು 100 ಎಂದಿಟ್ಟುಕೊಂಡರೆ, ಕಾಣುವ ಇಳಿಜಾರು ನಿಜದ ಮುಕ್ಕಾಲು ಭಾಗ (300/400) ಮಾತ್ರ. ವಕ್ತೃಗಳ ಸಂಖ್ಯೆಯನ್ನು ಹೆಚ್ಚಿಸಿದರೂ ಈ ಕೊರತೆ ನೀಗದು. ವೇಗವಾಗಿ ಮರೆಯಾಗುತ್ತಿರುವ ಪದಸಂಪತ್ತು ನಿಧಾನವಾಗಿ ಸವೆಯುತ್ತಿದೆಯೆಂಬ ತಪ್ಪು ತೀರ್ಮಾನಕ್ಕೆ ಇದು ಎಡೆಮಾಡುತ್ತದೆ.

ದೋಷದ ಪ್ರಮಾಣ ತಿಳಿದರೆ, ಕಂಡ ಇಳಿಜಾರನ್ನು ಆ ಅನುಪಾತದಿಂದ ಭಾಗಿಸಿ ತಿದ್ದಬಹುದು. ಎರಡೂ ಅಳತೆಗಳಲ್ಲಿ ದೋಷವಿದ್ದು, ವ್ಯಕ್ತಿಭೇದವನ್ನೂ ಸೇರಿಸಿ ಅವುಗಳ ಅನುಪಾತ ತಿಳಿದಿದ್ದರೆ ಡೆಮಿಂಗ್ ರಿಗ್ರೆಶನ್ ಸೂಕ್ತ.

ಆ ಪ್ರಮಾಣವನ್ನು ಅರಿಯಲು ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು ಸಾಲದು. ‘ಅರವತ್ತು’ ಎಂದವರು ಮತ್ತೆಯೂ ಅರವತ್ತೆಂದೇ ಹೇಳಬಹುದು. ಶಾಲಾ ದಾಖಲೆಯೂ ನಿರ್ದುಷ್ಟವಲ್ಲ; ಅಲ್ಲಿನ ‘ಜೂನ್ 1’ ಎಷ್ಟೋ ವೇಳೆ ಮೇಷ್ಟ್ರು ಬರೆದ ಜನ್ಮದಿನ. 1953ರಲ್ಲಿ ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1975ರ ತುರ್ತು ಪರಿಸ್ಥಿತಿ ಮುಂತಾದ ಘಟನೆಗಳೊಡನೆ ವಕ್ತೃಗಳ ಬದುಕಿನ ನೆನಪುಗಳನ್ನು ಹೊಂದಿಸಿ ಪಡೆದ ಎರಡನೆಯ ಅಂದಾಜು ಇಲ್ಲಿ ನೆರವಾಗುತ್ತದೆ. ಸೂತ್ರದ ಆಯ್ಕೆ, ಹೀಗೆ, ಕ್ಷೇತ್ರದಲ್ಲಿಯೇ ಆರಂಭವಾಗುತ್ತದೆ.